ಟೇಪಿನ ಸೊನ್ನಿ ಹಿಡದಾಂವ

ಮೂರು ವರ್ಷ ಟೇಪಿನ ಸೊನ್ನಿ ನನ್ನ ಕೈಯಾಗಿತ್ತು,
ಅಂಕಿ ಓದೋ ತುದಿ ಬಾಯಾರ ಕೈಯಾಗ.
ಕಪ್ಪತಗುಡ್ಡದ ಮೂಡಣ ಇಳಿಜಾರು,
ತಾಂಡಾದ ಮ್ಯಾಲಿನ ಬೋಳು ನೆಲ.
ಬೋಳು ಅಂದ್ರ ಗಂಗಾಂಬಿಕಾ ಬಾಯಾರಿಗೆ ಸಿಟ್ಟು ಬರತಿತ್ತು:
"ಮಾಬೂಸಾಬ, ನಿಂತು ನೋಡಬ್ಯಾಡ. ಕೂತು ನೋಡು."

ಕೂತೆ.
ಕಬ್ಬಿಣದ ಚೌಕಟ್ಟು, ಮೀಟರಿಗೆ ಮೀಟರು,
ಒಳಗ ಕರಡ, ಗರಿಕಿ, ಹಂಚಿ,
ಹೆಸರು ಗೊತ್ತಿಲ್ಲದ್ದು ನಾಕು.
ಬಾಯಾರು ಅವಕ್ಕ ನಂಬರ್ ಕೊಟ್ರು,
ನಾನು ನಮ್ಮವ್ವ ಕರೀತಿದ್ದ ಹೆಸರು ಕೊಟ್ಟೆ,
ಎರಡೂ ಬರಕೊಂಡ್ರು.
ನಾಕನೇ ಪ್ಲಾಟಿನಾಗ ನೆಲಗುಬ್ಬಿ ಗೂಡು ಹನ್ನೊಂದು.
ತೋಳದ ಹೇಲು ಸಿಕ್ಕರೂ ಬಿಡಲಿಲ್ಲ,
ಚೀಲದಾಗ ಕಟ್ಟಿ ನನ್ನ ಬುತ್ತಿ ಮಗ್ಗಲ ಇಟ್ರು.
ನಾನು ರೊಟ್ಟಿ ಆಕಡೆ ಸರಿಸಿದೆ.

ನೂರಾ ನಲವತ್ತು ಪುಟ ಆತು. ಇಂಗ್ಲಿಷು.
ಕಡೀ ಪುಟದಾಗ ನನ್ನ ಹೆಸರು ಐತಂತ
ಬೆರಳಿಟ್ಟು ತೋರಿಸಿದ್ರು.
ಅಷ್ಟೂ ಹಿಂಡಿದ್ರ ಒಂದ ಮಾತು:
ಇಲ್ಲಿ ಗುಂಡಿ ತೋಡಬ್ಯಾಡ್ರಿ, ಹುಲ್ಲು ಹುಲ್ಲಾಗಿ ಇರಲಿ.
ಕುರಿ ಕಾಯೋ ಯಮನೂರಪ್ಪ ಕೇಳಿ ನಕ್ಕ,
"ಇದನ್ನ ಹೇಳಾಕ ಮೂರು ವರ್ಷ ಬೇಕಾತ?"

ನನಗೂ ಒಳಗ ಒಂದು ಚುಚ್ಚತಿತ್ತು.
ಗಿಡ ಹಚ್ಚೂದು ಪುಣ್ಯ ಅಂತ
ಸಾಲ್ಯಾಗ ಚೀಟಿ ಹಿಡಿಸಿ ಮೆರವಣಿಗಿ ಮಾಡಿಸಿದ್ದು
ಅಷ್ಟು ಲಗೂ ಎಲ್ಲಿ ಹೋಗತೈತಿ?

ಮುಂಡರಗಿ ಕಚೇರಿಗೆ ಹೋತು ರಿಪೋರ್ಟು.
ಆಗಿದ್ದ ಸಾಹೇಬ್ರು ಓದತೀನಿ ಅಂದ್ರು, ವರ್ಗ ಆದ್ರು.
ಮುಂದಿನವರ ಕಾಲಕ್ಕ ಅದು ಚಹಾ ಕಪ್ಪಿನ ಕೆಳಗಿತ್ತು,
ಅವರ ಮುಂದಿನವರ ಕಾಲಕ್ಕ
ಅದರ ಹಿಂದ ಹಲ್ಲಿ ತತ್ತಿ ಇಟ್ಟಿತ್ತು.
ಯಾರೂ ಕೆಟ್ಟವರಲ್ಲ.
ಗುಮಾಸ್ತ ಕುತುಬುದ್ದೀನ ನನಗ ಬಿಡಿಸಿ ಹೇಳಿದ:
"ಗುಂಡಿಗೆ ರೇಟ್ ಐತಿ, ಹುಲ್ಲಿಗೆ ಹೆಡ್ ಇಲ್ಲ.
ಏನೂ ಮಾಡಬ್ಯಾಡ್ರಿ ಅನ್ನೂದಕ್ಕ
ಬಿಲ್ ಹ್ಯಾಂಗ ಬರೀಲೋ ಮಾರಾಯ?"

ಜೂನಿನಾಗ ಜೆಸಿಬಿ ಬಂತು.
ಗುಂಡಿಯಿಂದ ಗುಂಡಿಗೆ ಮೂರು ಮೀಟರು.
ಅಳಿಯಾಕ ಅದೇ ಟೇಪು.
ಸೊನ್ನಿ ನನ್ನ ಕೈಯಾಗ.

ತಾಂಡಾದ ಹೆಣ್ಮಕ್ಕಳಿಗೆ ಹದಿನೈದು ದಿನದ ಪಗಾರ ಸಿಕ್ತು,
ಸೋಮ್ಲಿಬಾಯಿ ಆ ರೊಕ್ಕದಾಗ ಮಗನ ಕಣ್ಣು ತೋರಿಸಿದಳು.
ಇದು ಬಾಯಾರ ಚೌಕಟ್ಟಿನೊಳಗ ಬಂದಿರಲಿಲ್ಲ.
ಬಂದಿದ್ರ ಏನಂತ ಬರೀತಿದ್ರೋ.

ನಾಕನೇ ಸಾಹೇಬ್ರು ಸವಣೂರು ಕಡೆಯವರು,
ಸಣ್ಣವರಿದ್ದಾಗ ಕುರಿ ಹಿಂದ ತಿರುಗಿದವರು.
ರಿಪೋರ್ಟ್ ಕೇಳಲಿಲ್ಲ. "ಎಲ್ಲಿ? ತೋರಿಸು" ಅಂದ್ರು.
ಕರಕೊಂಡು ಹೋದೆ.
ಗೂಡಿನ ಜಾಗಾಕ್ಕ ಮುಟ್ಟಲಿಲ್ಲ, ಮೊಣಕಾಲು ನೋವು.
ಅರ್ಧ ದಾರ್ಯಾಗ ಒಂದು ಬಂಡಿಗಲ್ಲಿನ ನೆರಳು,
ಅಲ್ಲೇ ಕುಂತು ಬೂಟು ಬಿಚ್ಚಿದ್ರು.
ಕರಡದ ಎಸಳೊಂದು ಹಲ್ಲಾಗ ಕಚ್ಚಿ
ಭಾಳ ಹೊತ್ತು ಮಾತಾಡಲಿಲ್ಲ.
ನಾನೂ ಆಡಲಿಲ್ಲ. ಜೀವಮಾನದಾಗ
ಅಷ್ಟು ಚಲೋ ಕೆಲಸ ನಾನು ಮಾಡಿಲ್ಲ.

ಮರುದಿನ ಬೆಂಕಿರೇಖಿ ಹೆಡ್ಡಿನಾಗ
ಹನ್ನೆರಡು ಹೆಕ್ಟೇರಿಗೆ ಸುತ್ತ ಗೆರಿ ಬಿತ್ತು.
ಒಳಗ ಗುಂಡಿ ತೋಡತಕ್ಕದ್ದಲ್ಲ:
ಕನ್ನಡದಾಗ, ಒಂದ ಸಾಲು, ಹಸಿರು ಶಾಯಿ.
ಚೈತ್ರದಾಗ ಅವರಿಗೂ ವರ್ಗ ಆತು.

ಬಾಯಾರು ಈಗ ಕಛ್ ಕಡೆ, ಬ್ಯಾರೆ ಯಾವುದೋ ಹಕ್ಕಿ.
ಮೊನ್ನೆ ಫೋನ್ ಮಾಡಿದ್ರು,
"ಮಾಬೂಸಾಬ, ನಮ್ಮ ಕೆಲಸದಿಂದ ಏನರ ಆತೇನು?"
"ಹನ್ನೆರಡು ಹೆಕ್ಟೇರ್ ಉಳದೈತ್ರಿ."
"ಯಾವ ಪ್ಲಾಟು?"
"ಏಳು."
ಆಕಡೆ ಸುಮ್ಮನಾದ್ರು. ಆಮ್ಯಾಲ ನಗಿ.
"ಏಳರಾಗ ಏನೂ ಸಿಕ್ಕಿರಲಿಲ್ಲಲ್ಲೋ,
ಅಲ್ಲಿ ನಾವು ಬರೇ ಬುತ್ತಿ ಬಿಚ್ಚತಿದ್ವಿ."
"ಹೌದ್ರಿ. ಕೂಡ್ರಾಕ ನೆರಳಿತ್ತು."
"ಮತ್ತ ನಾಕು?"

ಎದುರಿಗೇ ಇತ್ತು ನಾಕು,
ಹೊಂಗಿ ಸಸಿ ಮೊಣಕಾಲಮಟ ಬೆಳದು, ಸಾಲು ಹಿಡದು.
"ಗುಡ್ಡದ ಮ್ಯಾಲ ಗಾಳಿ ಭಾಳ ಐತ್ರಿ ಬಾಯಾರ," ಅಂದೆ,
"ಏನೂ ಕೇಳವಲ್ದು."